ಎಲೆಕ್ಟ್ರಿಕ್ ಗೂಡ್ಸ್ ಗಾಡಿ, ಹೊಸ ಕಂಪನಿ: ಮೈಸೂರು–ಮಂಡ್ಯದ ಗಾಡಿ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಬಂಡೀಪಾಳ್ಯದ ಎಪಿಎಂಸಿ ಯಾರ್ಡ್‌ನಲ್ಲಿ ನನ್ನ ಹಸಿರು ಪ್ಲೇಟಿನ ಗಾಡಿ ನಿಂತರೆ ಸಾಕು, ಲೋಡ್ ಇಳಿಯುವಷ್ಟರಲ್ಲಿ ಇಬ್ಬರಾದರೂ ಬಂದು ಕೇಳುತ್ತಾರೆ. ‘ಎಷ್ಟು ಓಡುತ್ತೆ ಅಣ್ಣಾ?’ ಆಮೇಲೆ, ‘ಬ್ಯಾಟರಿ ಹೋದ್ರೆ ಏನ್ ಗತಿ?’ ಕೊನೆಗೆ ಗಾಡಿ ಮೂತಿಯ ಮೇಲಿನ ಹೆಸರು ಓದಿ, ‘ಇದ್ಯಾವ ಕಂಪನಿ, ಕೇಳೇ ಇಲ್ವಲ್ಲ?’ ನನ್ನ ಹತ್ತಿರ ಎರಡು ಡೀಸೆಲ್ ಗಾಡಿ, ಎರಡು ಎಲೆಕ್ಟ್ರಿಕ್ ಗಾಡಿ ಇವೆ. ಎಲೆಕ್ಟ್ರಿಕ್‌ನಲ್ಲಿ ಒಂದು ಮೂರು ಚಕ್ರದ್ದು, ಇನ್ನೊಂದು ನಾಲ್ಕು ಚಕ್ರದ್ದು. ಒಂದರಿಂದ ಸಂತೋಷ, ಇನ್ನೊಂದರಿಂದ ಪಾಠ. ದಿನಾ ಹೇಳಿದ್ದನ್ನೇ ಹೇಳುವ ಬದಲು ಬರೆದಿಟ್ಟರೆ ಒಳ್ಳೇದು ಅನಿಸಿ ಇಲ್ಲಿ ಬರೆದಿದ್ದೇನೆ. ನಾನು ಯಾವ ಕಂಪನಿಯ ಏಜೆಂಟೂ ಅಲ್ಲ.

ಎಲೆಕ್ಟ್ರಿಕ್ ಲಾರಿ ಅಂದರೆ ಯಾವ ಗಾತ್ರದ್ದು? ಎಲ್ಲ ಒಂದೇನಾ?

ಅಲ್ಲವೇ ಅಲ್ಲ. ಅರ್ಧ ಗೊಂದಲ ಇಲ್ಲೇ ಹುಟ್ಟುತ್ತದೆ. ಮೂರು ಚಕ್ರದ ಗೂಡ್ಸ್ ಆಟೋ ಒಂದು ಕಥೆ. ಅದು 500ರಿಂದ 700 ಕೆ.ಜಿ. ಎಳೆಯುತ್ತದೆ, ಅಂಗಡಿಯಿಂದ ಅಂಗಡಿಗೆ ಓಡುತ್ತದೆ. ಟಾಟಾ ಏಸ್ ಗಾತ್ರದ ನಾಲ್ಕು ಚಕ್ರದ್ದು ಇನ್ನೊಂದು ಕಥೆ. ಅದಕ್ಕೆ ಮುಕ್ಕಾಲು ಟನ್ನಿಂದ ಒಂದೂವರೆ ಟನ್. 55 ಟನ್ನಿನ ಟ್ರೈಲರ್ ಎಳೆಯುವ ಎಲೆಕ್ಟ್ರಿಕ್ ಲಾರಿ ಪೂರ್ತಿ ಬೇರೆ ಜಾತಿ. ಮೂರಕ್ಕೂ ಚಾರ್ಜರ್ ಬೇರೆ, ಸಬ್ಸಿಡಿ ಬೇರೆ, ಲೆಕ್ಕ ಬೇರೆ. ಪೇಪರಿನಲ್ಲಿ ‘ಎಲೆಕ್ಟ್ರಿಕ್ ಟ್ರಕ್‌ಗೆ ಲಕ್ಷಗಟ್ಟಲೆ ಸಹಾಯಧನ’ ಅಂತ ಓದಿ ಶೋರೂಮಿಗೆ ಹೋಗಿ ಏಸ್ ಗಾತ್ರದ ಗಾಡಿಗೆ ಅದನ್ನು ಕೇಳಿದವರನ್ನು ನೋಡಿದ್ದೇನೆ. ಪಾಪ, ಸುಮ್ನೆ ಒಂದು ದಿನದ ಬಾಡಿಗೆ ಹೋಯಿತು.

ಈ ಹೊಸ ಕಂಪನಿಗಳು ಯಾವುವು?

ಎಲ್ಲ ಹೆಸರು ಬರೆದರೆ ಪುಟ ಸಾಲದು. ಗೊತ್ತಿರಬೇಕಾದ ಕೆಲವು ಹೇಳುತ್ತೇನೆ.

ಯೂಲರ್ ಮೋಟರ್ಸ್ 2018ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಮೊದಲು ಹೈಲೋಡ್ ಅನ್ನುವ ಮೂರು ಚಕ್ರದ ಗಾಡಿ ಮಾಡಿದರು. ಅದಕ್ಕೆ 688 ಕೆ.ಜಿ. ಲೋಡು. 2024ರಲ್ಲಿ ಸ್ಟಾರ್ಮ್ ಅಂತ 1,250 ಕೆ.ಜಿ.ಯ ನಾಲ್ಕು ಚಕ್ರದ್ದು ಬಂತು. 2025ರಲ್ಲಿ ಒಂದು ಟನ್ನಿನ ಟರ್ಬೊ ಗಾಡಿಯನ್ನು 5.99 ಲಕ್ಷದಿಂದ ಶುರು ಮಾಡಿದರು. ಅದೇ ವರ್ಷ ಹೀರೋ ಮೋಟೊಕಾರ್ಪ್ ಈ ಕಂಪನಿಗೆ 500 ಕೋಟಿಗೂ ಜಾಸ್ತಿ ಹಾಕಿ ಪಾಲು ತಗೊಂಡಿತು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೊಡ್ಡ ಲಾರಿಯಲ್ಲಿ ಮೊದಲು ಕೈ ಹಾಕಿದವರಲ್ಲಿ ಗುರುಗ್ರಾಮದ ಐಪಿಎಲ್‌ಟೆಕ್ ಇದೆ. ಅವರ ಗಾಡಿಯ ಹೆಸರು ರೈನೋ. ಹೆಸರಿಗೆ ತಕ್ಕ ಮೈಕಟ್ಟು, 55 ಟನ್ನಿನದು. 2022ರಲ್ಲಿ ಚೆನ್ನೈನ ಮುರುಗಪ್ಪ ಗುಂಪು ಇದರ ದೊಡ್ಡ ಪಾಲು ಕೊಂಡಿತು. ಈಗ ಅದು ಮೊಂಟ್ರಾ ಎಲೆಕ್ಟ್ರಿಕ್ ಹೆಸರಿನಲ್ಲಿ ಬರುತ್ತದೆ. ಬೆಂಗಳೂರಿನ ಟ್ರೆಸಾ 2022ರಲ್ಲಿ ಹುಟ್ಟಿ, ಮರುವರ್ಷವೇ ಮಾದರಿ ಲಾರಿ ತೋರಿಸಿತು. ಕೊಯಮತ್ತೂರಿನ ಪ್ರೊಪೆಲ್ ಮೂಲದಲ್ಲಿ ಜಲ್ಲಿ ಕ್ರಷರ್ ಮಾಡುವವರು. ಕಲ್ಲು ಕ್ವಾರಿಯವರ ಕಷ್ಟ ಗೊತ್ತಿದ್ದದ್ದರಿಂದ ಎಲೆಕ್ಟ್ರಿಕ್ ಟಿಪ್ಪರ್ ಮಾಡಿದರು. ಪುಣೆಯ ಬ್ಲೂ ಎನರ್ಜಿ ಮೊದಲು ಎಲ್‌ಎನ್‌ಜಿ, ಅಂದರೆ ದ್ರವ ಮಾಡಿದ ನೈಸರ್ಗಿಕ ಅನಿಲದ ಲಾರಿ ಮಾಡಿ, ಆಮೇಲೆ ಬ್ಯಾಟರಿ ಬದಲಿಸುವ ಎಲೆಕ್ಟ್ರಿಕ್ ಲಾರಿಗೆ ಬಂತು.

ಗಾಡಿ ಮಾಡದೆ ಗಾಡಿಗೆ ಬೇಕಾದ್ದನ್ನು ಮಾಡುವ ಹೊಸಬರೂ ಇದ್ದಾರೆ. ಬೆಂಗಳೂರಿನ ಎಕ್ಸ್‌ಪೊನೆಂಟ್ 15 ನಿಮಿಷದಲ್ಲಿ ಚಾರ್ಜ್ ಮಾಡುವ ಪದ್ಧತಿ ತಂದಿದೆ. ಚಾರ್ಜರ್ ಕಡೆಯಿಂದಲೇ ತಣ್ಣನೆ ನೀರು ಹರಿಸಿ ಬ್ಯಾಟರಿ ಬಿಸಿಯಾಗದಂತೆ ನೋಡಿಕೊಳ್ಳುತ್ತಾರೆ. ಸನ್ ಮೊಬಿಲಿಟಿ ಬ್ಯಾಟರಿ ಬದಲಿಸುವ ಕೆಲಸಕ್ಕೆ ಇಳಿದಿದೆ. ಅದನ್ನು ಕಟ್ಟಿದವರಲ್ಲಿ ಒಬ್ಬರು ಚೇತನ್ ಮೈನಿ. 2001ರಲ್ಲೇ ಬೆಂಗಳೂರಿನಲ್ಲಿ ರೇವಾ ಕಾರು ತಂದವರು ಅವರೇ. ಆಗ ನಾವೆಲ್ಲ ಆ ಕಾರು ನೋಡಿ ನಕ್ಕಿದ್ದೆವು, ನೆನಪಿದೆಯಾ?

ದೊಡ್ಡ ಕಂಪನಿಗಳು ಇರುವಾಗ ಇವರು ಯಾಕೆ ಬೇಕು?

ದೊಡ್ಡವರು ತಡ ಮಾಡಿದರು, ಅಷ್ಟೇ. ಟಾಟಾ ಏಸ್ ಎಲೆಕ್ಟ್ರಿಕ್ ಘೋಷಣೆ ಆಗಿದ್ದು 2022ರ ಮೇ ತಿಂಗಳಲ್ಲಿ, ಗಿರಾಕಿ ಕೈಗೆ ಬಂದಿದ್ದು 2023ರ ಜನವರಿಯಲ್ಲಿ. ಮಹೀಂದ್ರದ ನಾಲ್ಕು ಚಕ್ರದ ಝೀಯೋ ಬಂದಿದ್ದು 2024ರ ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಆನ್‌ಲೈನ್ ಮಾರಾಟದ ಕಂಪನಿಗಳು ಎಲೆಕ್ಟ್ರಿಕ್ ಗಾಡಿಯಲ್ಲೇ ಪಾರ್ಸೆಲ್ ಹೋಗಬೇಕು ಅಂತ ಕೇಳಲು ಶುರು ಮಾಡಿದ್ದವು. ಆ ಸಂದಿಯಲ್ಲಿ ಹೊಸಬರು ನುಗ್ಗಿದರು.

ಇನ್ನೊಂದು ಕಾರಣವೂ ಇದೆ. ಡೀಸೆಲ್ ಎಂಜಿನ್ ಮಾಡಲು ಹತ್ತಾರು ವರ್ಷದ ಅನುಭವ ಬೇಕು. ಗೇರ್‌ಬಾಕ್ಸ್, ಇಂಜೆಕ್ಟರ್, ಹೊಗೆ ಶುದ್ಧ ಮಾಡುವ ಸಾಮಾನು ಅಂತ ನೂರೆಂಟು. ಮೋಟರ್, ಅದಕ್ಕೆ ಹೋಗುವ ಕರೆಂಟು ನೋಡಿಕೊಳ್ಳುವ ಕಂಟ್ರೋಲರ್, ಬ್ಯಾಟರಿಯನ್ನು ಬೇರೆಯವರಿಂದ ತಂದು ಒಳ್ಳೆ ಚಾಸಿ ಮೇಲೆ ಕೂರಿಸುವುದು ಅದಕ್ಕಿಂತ ಸುಲಭ. ಸುಲಭ ಅನ್ನುವುದೇ ಒಂದು ಅಪಾಯ. ಜೋಡಿಸಲು ಬಂದರೆ ಲಾರಿ ಮಾಡಲು ಬಂತು ಅಂತ ಅರ್ಥವಲ್ಲ. ನಮ್ಮ ರಸ್ತೆಯ ಹಂಪು, ನಮ್ಮ ಓವರ್‌ಲೋಡು, ನಮ್ಮ ಡ್ರೈವರ್‌ಗಳ ಬ್ರೇಕು, ಇವೆಲ್ಲ ತಡೆದುಕೊಳ್ಳುತ್ತಾ ಅನ್ನುವುದು ಎರಡು ವರ್ಷ ಆದಮೇಲೇ ಗೊತ್ತಾಗುವುದು.

ಗಾಡಿ ತಗೊಂಡ ಮೇಲೆ ಕಂಪನಿ ಮುಚ್ಚಿಹೋದರೆ?

ಇದೇ ನಿಜವಾದ ಪ್ರಶ್ನೆ. ಎಲ್ಲರೂ ಮೊದಲು ಕೇಳುವುದು ಎಷ್ಟು ಓಡುತ್ತೆ ಅಂತ. ನಾನು ಹೇಳುವುದು, ಕಂಪನಿ ಎಷ್ಟು ವರ್ಷ ಓಡುತ್ತೆ ಅಂತ ಮೊದಲು ಕೇಳಿ. ನಿಮ್ಮ ಸಾಲ ನಾಲ್ಕೈದು ವರ್ಷದ್ದು. ಅಷ್ಟು ದಿನವಾದರೂ ಅವರು ಇರಬೇಕಲ್ಲ.

ಹೊರದೇಶದಲ್ಲಿ ಆಗಿದ್ದು ನೋಡಿ. ಅಮೆರಿಕದ ನಿಕೋಲ 2020ರಲ್ಲಿ ಶೇರು ಮಾರುಕಟ್ಟೆಗೆ ಬಂತು. ಸ್ವಲ್ಪ ದಿನ ಅದರ ಶೇರಿನ ಒಟ್ಟು ಬೆಲೆ ಫೋರ್ಡ್ ಕಂಪನಿಯದ್ದನ್ನೂ ಮೀರಿತ್ತು. ಆಮೇಲೆ ಗೊತ್ತಾಯಿತು, ವಿಡಿಯೋದಲ್ಲಿ ಜೋರಾಗಿ ಓಡುತ್ತಿದ್ದ ಲಾರಿ ಸ್ವಂತ ಬಲದಿಂದ ಓಡುತ್ತಿರಲಿಲ್ಲ, ಇಳಿಜಾರಿನಲ್ಲಿ ಉರುಳಿಬಿಟ್ಟಿದ್ದರು ಅಂತ. ಸ್ಥಾಪಕ ಟ್ರೆವರ್ ಮಿಲ್ಟನ್ ಮೇಲೆ ವಂಚನೆ ಕೇಸಾಗಿ 2022ರಲ್ಲಿ ಅಪರಾಧಿ ಅಂತ ತೀರ್ಪು ಬಂತು. 2025ರಲ್ಲಿ ಅಧ್ಯಕ್ಷರ ಕ್ಷಮಾದಾನವೂ ಸಿಕ್ಕಿತು ಅನ್ನಿ. ಆದರೆ ಅದೇ ವರ್ಷ ಫೆಬ್ರವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತ್ತು.

ಅದು ಮೋಸದ ಕಥೆ ಆಯಿತು. ಮೋಸ ಇಲ್ಲದೆಯೂ ಮುಳುಗುತ್ತಾರೆ, ನಾವು ಹೆದರಬೇಕಾದ್ದು ಅದಕ್ಕೆ. ಯುರೋಪಿನ ವೋಲ್ಟಾ ಟ್ರಕ್ಸ್ ಪೇಟೆಯೊಳಗೆ ಸಾಮಾನು ಹಂಚಲು ಅಂತಲೇ ಒಳ್ಳೆ ಲಾರಿ ಮಾಡಿತ್ತು. ಬುಕಿಂಗೂ ಚೆನ್ನಾಗಿತ್ತು. ಅವರಿಗೆ ಬ್ಯಾಟರಿ ಕೊಡುತ್ತಿದ್ದ ಪ್ರೊಟೆರಾ 2023ರ ಆಗಸ್ಟ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅಕ್ಟೋಬರ್‌ಗೆ ವೋಲ್ಟಾ ಕೂಡ ಹಾಕಿತು. ಬ್ಯಾಟರಿ ಕೊಡುವವನು ಬಿದ್ದರೆ ಲಾರಿಯವನೂ ಬೀಳುತ್ತಾನೆ. ಬ್ರಿಟನ್ನಿನ ಅರೈವಲ್ 2024ರಲ್ಲಿ ಹೋಯಿತು.

ನನ್ನ ಕಥೆ ಇಷ್ಟು ದೊಡ್ಡದಲ್ಲ. ಮೊದಲ ಮೂರು ಚಕ್ರದ ಗಾಡಿಯನ್ನು ಒಂದು ಹೊಸ ಕಂಪನಿಯಿಂದ ತಗೊಂಡೆ. ಹೆಸರು ಬೇಡ. ಒಂದು ವರ್ಷ ಬಂಗಾರದ ಹಾಗೆ ಓಡಿತು. ಆಮೇಲೆ ಒಂದು ಮಧ್ಯಾಹ್ನ ಕೆ.ಆರ್.ಎಸ್. ರಸ್ತೆಯಲ್ಲಿ ನಿಂತುಬಿಟ್ಟಿತು. ಕಂಟ್ರೋಲರ್ ಹೋಗಿತ್ತು. ಮೈಸೂರಿನಲ್ಲಿ ಇದ್ದ ಸರ್ವಿಸ್ ಪಾಯಿಂಟ್ ಅಷ್ಟರಲ್ಲಿ ಮುಚ್ಚಿತ್ತು. ಬೆಂಗಳೂರಿನಿಂದ ಬರಬೇಕು ಅಂದರು. ಬಂತು, 26 ದಿನಕ್ಕೆ. ಆ 26 ದಿನವೂ ಡ್ರೈವರ್ ಸಂಬಳ ಕೊಟ್ಟೆ, ಕಂತು ಕಟ್ಟಿದೆ, ಗಿರಾಕಿ ಕೈ ತಪ್ಪಬಾರದು ಅಂತ ಬೇರೆಯವರ ಗಾಡಿ ಬಾಡಿಗೆಗೆ ಹಿಡಿದೆ. ನಮ್ಮ ಗ್ಯಾರೇಜ್ ಮೇಸ್ತ್ರಿ ಗಾಡಿಯನ್ನು ಎರಡು ಸುತ್ತು ಹಾಕಿ ನೋಡಿ, ‘ಇದಕ್ಕೆ ಸ್ಪ್ಯಾನರ್ ಅಲ್ಲ ಸ್ವಾಮಿ, ಲ್ಯಾಪ್‌ಟಾಪ್ ಬೇಕು’ ಅಂದರು. ಸರಿಯಾಗೇ ಹೇಳಿದ್ದರು. ಕಂಪನಿಯ ಸಾಫ್ಟ್‌ವೇರ್ ಇಲ್ಲದೆ ದೋಷ ಏನು ಅಂತ ಓದಲೂ ಆಗುವುದಿಲ್ಲ.

ಹಾಗಾದರೆ ತಗೊಳ್ಳುವ ಮೊದಲು ಏನು ನೋಡಬೇಕು?

ಶೋರೂಮ್ ನೋಡಬೇಡಿ, ಸರ್ವಿಸ್ ಶೆಡ್ ನೋಡಿ. ಮೈಸೂರಿನ ಹೆಬ್ಬಾಳದಲ್ಲೋ ಮಂಡ್ಯದಲ್ಲೋ ಇದೆ ಅಂದರೆ ಒಂದು ದಿನ ಬೆಳಿಗ್ಗೆ ಹೋಗಿ ನಿಲ್ಲಿ. ಎಷ್ಟು ಗಾಡಿ ನಿಂತಿವೆ, ಎಷ್ಟು ದಿನದಿಂದ ನಿಂತಿವೆ ಅಂತ ಅಲ್ಲಿನ ಡ್ರೈವರ್‌ಗಳನ್ನೇ ಕೇಳಿ. ಟಯರ್ ಮೇಲೆ ಧೂಳು ಕೂತಿದ್ದರೆ ಉತ್ತರ ಸಿಕ್ಕಿತು.

ಕಂಪನಿ ಹಿಂದೆ ಯಾರಿದ್ದಾರೆ ಅಂತ ನೋಡಿ. ಹೀರೋ, ಮುರುಗಪ್ಪ ಮಾತು ನೆನಪಿಡಿ ಅಂದಿದ್ದು ಇದಕ್ಕೇ. ದೊಡ್ಡ ಮನೆತನದ ದುಡ್ಡು ಇದ್ದ ಮಾತ್ರಕ್ಕೆ ಗಾಡಿ ಒಳ್ಳೇದಾಗಲ್ಲ. ಆದರೆ ನಾಳೆ ಬೀಗ ಹಾಕುವ ಭಯ ಕಡಿಮೆ.

ಬ್ಯಾಟರಿ ವಾರಂಟಿ ಯಾರು ಕೊಡುತ್ತಾರೆ ಅನ್ನುವುದು ಕಾಗದದಲ್ಲಿ ಇರಬೇಕು. ಗಾಡಿ ಕಂಪನಿಯೋ, ಬ್ಯಾಟರಿ ಕಂಪನಿಯೋ? ಬ್ಯಾಟರಿಯ ಶಕ್ತಿ ಎಷ್ಟು ಪರ್ಸೆಂಟಿಗಿಂತ ಕೆಳಗೆ ಇಳಿದರೆ ಬದಲಿಸುತ್ತಾರೆ? ‘ಬ್ಯಾಟರಿಗೆ ಎಂಟು ವರ್ಷ ಗ್ಯಾರಂಟಿ ಸಾರ್’ ಅನ್ನುವ ಬಾಯಿಮಾತಿಗೆ ಬೆಲೆ ಇಲ್ಲ. ಸಾಲದ ವಿಷಯದಲ್ಲೂ ಒಂದು ಸುಳಿವು ಇದೆ. ಫೈನಾನ್ಸ್‌ನವರು ಯಾವ ಕಂಪನಿಯ ಗಾಡಿಗೆ ಬಡ್ಡಿ ಜಾಸ್ತಿ, ಅವಧಿ ಕಡಿಮೆ ಹೇಳುತ್ತಾರೋ ನೋಡಿ. ಅವರು ನಮಗಿಂತ ಮೊದಲೇ ವಾಸನೆ ಹಿಡಿದಿರುತ್ತಾರೆ.

ಒಂದು ಚಾರ್ಜ್‌ಗೆ ನಿಜವಾಗಿ ಎಷ್ಟು ಓಡುತ್ತದೆ?

ಕಂಪನಿ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಅಂತ ಇಟ್ಟುಕೊಳ್ಳಿ. ಏಸ್ ಎಲೆಕ್ಟ್ರಿಕ್‌ನ ಮೊದಲ ಮಾದರಿಗೆ 21.3 ಯೂನಿಟ್ ಬ್ಯಾಟರಿ, ಸರ್ಟಿಫಿಕೇಟಿನಲ್ಲಿ 154 ಕಿ.ಮೀ. ಆ ಅಂಕಿ ಟೆಸ್ಟ್ ಮಾಡುವ ಕಡೆ ಬಂದದ್ದು. ಅಲ್ಲಿ ದೇವರಾಜ ಮಾರುಕಟ್ಟೆ ಹಿಂದಿನ ಸಂದಿ ಇರುವುದಿಲ್ಲ, ಡ್ರೈವರ್‌ಗೆ ಅವಸರ ಇರುವುದಿಲ್ಲ. ನನ್ನ ನಾಲ್ಕು ಚಕ್ರದ ಗಾಡಿಗೆ 150 ಅಂತ ಹೇಳಿದ್ದರು. ತುಂಬಿದ ಲೋಡಿನಲ್ಲಿ 105ರಿಂದ 110 ಬರುತ್ತದೆ. ಅದರಲ್ಲೂ ಕೊನೆಯ 15 ಪರ್ಸೆಂಟನ್ನು ನಾನು ಮುಟ್ಟುವುದಿಲ್ಲ. ಅಲ್ಲಿಗೆ ನನ್ನ ಪಾಲಿಗೆ ಅದು 90 ಕಿ.ಮೀ. ಗಾಡಿ.

ಏರು ಬಂದರೆ ಇನ್ನೂ ಕಡಿಮೆ. ಚಾಮುಂಡಿ ಬೆಟ್ಟ ಊರಿನಿಂದ ಸುಮಾರು 300 ಮೀಟರ್ ಎತ್ತರ. ಲೋಡ್ ಸೇರಿ 2 ಟನ್ ಇರುವ ಗಾಡಿ ಅಷ್ಟು ಏರುವುದಕ್ಕೇ ಸುಮಾರು 2 ಯೂನಿಟ್ ಬೇಕು, ರಸ್ತೆ ಓಟದ ಖರ್ಚು ಬೇರೆ. ಇಳಿಯುವಾಗ ಮೋಟರ್ ಜನರೇಟರ್ ಆಗಿ ಸ್ವಲ್ಪ ವಾಪಸ್ ಕೊಡುತ್ತದೆ. ಆದರೆ ಲೋಡ್ ಮೇಲೆ ಇಳಿಸಿ ಖಾಲಿ ಬರುತ್ತೀರಲ್ಲ, ಹಾಗಾಗಿ ಕೊಡುವುದೂ ಕಡಿಮೆ. ಇದರ ಉಲ್ಟಾ ಕೆಲಸ ಇದ್ದರೆ ಮಜಾ. ಸ್ವಿಟ್ಜರ್ಲೆಂಡಿನ ಒಂದು ಕ್ವಾರಿಯಲ್ಲಿ ಎಲೆಕ್ಟ್ರಿಕ್ ಡಂಪರ್ ಇದೆ. ಖಾಲಿ ಹತ್ತುತ್ತದೆ, ಕಲ್ಲು ತುಂಬಿಕೊಂಡು ಇಳಿಯುತ್ತದೆ. ಇಳಿಯುವಾಗ ಬರುವ ಕರೆಂಟೇ ಅದರ ಓಟಕ್ಕೆ ಹೆಚ್ಚು ಕಡಿಮೆ ಸಾಕಾಗುತ್ತದೆ.

ದುಡ್ಡು ಉಳಿಯುತ್ತಾ ಇಲ್ವಾ, ಅದು ಹೇಳಿ

ಉಳಿಯುತ್ತದೆ, ಆದರೆ ಎಲ್ಲಿ ಚಾರ್ಜ್ ಮಾಡುತ್ತೀರಿ ಅನ್ನುವುದರ ಮೇಲೆ. ಒಂದು ಲೆಕ್ಕ ಹಾಕೋಣ. ದಿನಕ್ಕೆ 80 ಕಿ.ಮೀ., ತಿಂಗಳಿಗೆ 26 ದಿನ. ಅಲ್ಲಿಗೆ 2,080 ಕಿ.ಮೀ. ಸಣ್ಣ ಡೀಸೆಲ್ ಗಾಡಿ ಲೀಟರಿಗೆ 18 ಕಿ.ಮೀ. ಕೊಟ್ಟು, ಡೀಸೆಲ್ 90 ರೂಪಾಯಿ ಇದ್ದರೆ ಕಿ.ಮೀ.ಗೆ 5 ರೂಪಾಯಿ. ತಿಂಗಳಿಗೆ 10,400.

ಅದೇ ಗಾತ್ರದ ಎಲೆಕ್ಟ್ರಿಕ್ ಗಾಡಿಗೆ ಚಾರ್ಜ್ ಮಾಡುವಾಗ ಸೋರುವುದೂ ಸೇರಿ ಕಿ.ಮೀ.ಗೆ 0.2 ಯೂನಿಟ್ ಹಿಡಿಯಿರಿ. ನಿಮ್ಮ ಶೆಡ್ಡಿನಲ್ಲಿ ಯೂನಿಟ್ಟಿಗೆ 8 ರೂಪಾಯಿ ಬಿದ್ದರೆ ಕಿ.ಮೀ.ಗೆ 1 ರೂ. 60 ಪೈಸೆ. ತಿಂಗಳಿಗೆ 3,328. ಉಳಿದದ್ದು 7,000 ಚಿಲ್ಲರೆ. ಈಗ ಅದನ್ನೇ ರಸ್ತೆ ಬದಿಯ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್ಟಿಗೆ 20 ರೂಪಾಯಿ ಕೊಟ್ಟು ತುಂಬಿಸಿ. ಕಿ.ಮೀ.ಗೆ 4 ರೂಪಾಯಿ, ತಿಂಗಳಿಗೆ 8,320. ಉಳಿದದ್ದು 2,000 ಅಷ್ಟೇ.

ಗಾಡಿ ಬೆಲೆಯ ಅಂತರ ಇದಕ್ಕೆ ಹೊಂದಿಸಿ ನೋಡಿ. 2025ರ ಜೂನ್‌ನಲ್ಲಿ ಟಾಟಾ ಏಸ್ ಪ್ರೊ ಬಂದಾಗ ಪೆಟ್ರೋಲಿನದು 3.99 ಲಕ್ಷ, ಎಲೆಕ್ಟ್ರಿಕ್ 6.50 ಲಕ್ಷ. ಎರಡೂವರೆ ಲಕ್ಷದ ಅಂತರ. ಮೇಲಿನ ಲೆಕ್ಕ ಡೀಸೆಲ್‌ದು, ಆದರೂ ಅಂದಾಜಿಗೆ ಇದನ್ನೇ ಹಿಡಿಯೋಣ. ತಿಂಗಳಿಗೆ 7,000 ಉಳಿದರೆ ಮೂರು ವರ್ಷದಲ್ಲಿ ತೀರುತ್ತದೆ. 2,000 ಉಳಿದರೆ ಹತ್ತು ವರ್ಷ. ಅಷ್ಟರಲ್ಲಿ ಬ್ಯಾಟರಿಯೂ ಮುದಿಯಾಗಿರುತ್ತದೆ, ನಾವೂ ಆಗಿರುತ್ತೇವೆ. ಜಿಎಸ್‌ಟಿ ಎಲೆಕ್ಟ್ರಿಕ್‌ಗೆ 5 ಪರ್ಸೆಂಟೇ ಇದೆ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಡೀಸೆಲ್ ಗೂಡ್ಸ್ ಗಾಡಿಗಳದ್ದು 28ರಿಂದ 18ಕ್ಕೆ ಇಳಿಯಿತು. ಹಾಗಾಗಿ ಮೊದಲಿದ್ದ ಅಂತರದ ಲಾಭ ಈಗ ಅಷ್ಟಿಲ್ಲ.

ದಿನಕ್ಕೆ 40 ಕಿ.ಮೀ. ಓಡಿಸುವವರು ಕೇಳಿದರೆ ನಾನು ಬೇಡ ಅಂತಲೇ ಹೇಳುತ್ತೇನೆ. ಓಡಿದಷ್ಟೇ ಉಳಿತಾಯ. ನಿಂತ ಎಲೆಕ್ಟ್ರಿಕ್ ಗಾಡಿ ಕಂತನ್ನು ಮಾತ್ರ ತಿನ್ನುತ್ತದೆ.

ಶೆಡ್ಡಿನಲ್ಲಿ ಚಾರ್ಜ್ ಮಾಡಲು ಏನು ಬೇಕು?

ಮೂರು ಚಕ್ರಕ್ಕೂ ಸಣ್ಣ ನಾಲ್ಕು ಚಕ್ರಕ್ಕೂ 16 ಆಂಪ್ಸ್ ಸಾಕೆಟ್ ಸಾಕು. ಅದರಲ್ಲಿ ಗಂಟೆಗೆ ಸುಮಾರು 3 ಯೂನಿಟ್ ಹೋಗುತ್ತದೆ. 21 ಯೂನಿಟ್ ಬ್ಯಾಟರಿಗೆ ಏಳು ಗಂಟೆ. ರಾತ್ರಿ ಊಟ ಮಾಡಿ ಹಾಕಿದರೆ ಬೆಳಗಿನ ಜಾವ ತುಂಬಿರುತ್ತದೆ. ಆದರೆ ಹಳೇ ವೈರಿಂಗಿಗೆ ಹಾಕಬೇಡಿ. ಅರ್ಥಿಂಗ್ ಸರಿ ಇರಬೇಕು, ಎಂಸಿಬಿ ಬೇರೆ ಇರಬೇಕು. ಏಳು ಗಂಟೆ ಒಂದೇ ಸಮ ಎಳೆಯುವ ಲೋಡು ಅದು, ಮಿಕ್ಸಿ ಅಲ್ಲ. ಎರಡು ಮೂರು ಗಾಡಿ ಆದರೆ ನಮ್ಮ ಕಡೆ ಕರೆಂಟು ಕೊಡುವ ಸೆಸ್ಕ್‌ಗೆ ಹೋಗಿ ಲೋಡ್ ಏರಿಸಿಕೊಳ್ಳಿ. ಗಾಡಿ ಚಾರ್ಜಿಂಗ್‌ಗೆ ಬೇರೆ ದರದ ಮೀಟರ್ ಕೊಡುತ್ತಾರೆ. ಅದನ್ನು ಕೇಳಿ ಹಾಕಿಸಿಕೊಳ್ಳಿ, ಅಂಗಡಿ ಮೀಟರಿನಿಂದ ಎಳೆಯಬೇಡಿ.

ಮಂಡ್ಯದ ಹಳ್ಳಿ ಕಡೆಯವರು ಸಿಂಗಲ್ ಫೇಸ್, ಲೋ ವೋಲ್ಟೇಜ್ ಅಂತ ಗೊಣಗುತ್ತಾರೆ. ನ್ಯಾಯವೇ. ಶಿವನಸಮುದ್ರದಿಂದ 1902ರಲ್ಲಿ ಅಷ್ಟು ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಜಿಲ್ಲೆ ಇದು. ಇವತ್ತು ಅದೇ ಜಿಲ್ಲೆಯ ಆಲೆಮನೆ ಮುಂದೆ ಒಂದು ಬೆಲ್ಲದ ಗಾಡಿ ಚಾರ್ಜ್ ಮಾಡಲು ವೋಲ್ಟೇಜ್ ಸಾಲದು ಅಂದರೆ ನಗು ಬರುತ್ತದೆ, ಅಳುವೂ ಬರುತ್ತದೆ.

ಫಾಸ್ಟ್ ಚಾರ್ಜಿಂಗ್ ಬೇಕಾದರೆ ನಾಲ್ಕು ಚಕ್ರದ ಗಾಡಿಗೆ ಸಾಮಾನ್ಯವಾಗಿ ಸಿಸಿಎಸ್-2 ಅನ್ನುವ ಪಿನ್ನು. ಮೂರು ಚಕ್ರದ್ದಕ್ಕೆ ಕಂಪನಿಗೊಂದು ಪಿನ್ನು. ತಗೊಳ್ಳುವ ಮೊದಲು ನಿಮ್ಮ ದಾರಿಯಲ್ಲಿರುವ ಚಾರ್ಜರ್‌ಗೆ ಅದು ಕೂರುತ್ತಾ ಅಂತ ಗಾಡಿ ತಗೊಂಡು ಹೋಗಿ ಚುಚ್ಚಿ ನೋಡಿ.

ಎಲೆಕ್ಟ್ರಿಕ್ ಗೂಡ್ಸ್ ಆಟೋ ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗಬಹುದಾ?

ಇಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರ್ ಬರುವುದನ್ನು 2023ರ ಆಗಸ್ಟ್ 1ರಿಂದ ನಿಲ್ಲಿಸಿದ್ದಾರೆ. ಕರೆಂಟಿನದಾದರೂ ಮೂರು ಚಕ್ರ ಮೂರು ಚಕ್ರವೇ. ಸರ್ವಿಸ್ ರಸ್ತೆಯಲ್ಲಿ ಹೋಗಬೇಕು.

ಸಬ್ಸಿಡಿ ಎಷ್ಟು ಸಿಗುತ್ತದೆ?

ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಎಲೆಕ್ಟ್ರಿಕ್ ಲಾರಿಗೆ ಅಂತ 500 ಕೋಟಿ ಇಟ್ಟಿದ್ದಾರೆ. ಮಂಡ್ಯದ ಸಂಸದರೂ ಆಗಿರುವ ಕೇಂದ್ರ ಭಾರಿ ಕೈಗಾರಿಕೆ ಸಚಿವ ಎಚ್.ಡಿ. ಕುಮಾರಸ್ವಾಮಿ ಅವರು 2025ರ ಜುಲೈ 11ರಂದು ಇದನ್ನು ಶುರು ಮಾಡಿದರು. ಒಂದು ಲಾರಿಗೆ ಗರಿಷ್ಠ 9.6 ಲಕ್ಷ. ದೇಶದಲ್ಲಿ ಒಟ್ಟು ಸುಮಾರು 5,600 ಲಾರಿಗೆ. ಆದರೆ ಇದು 3.5 ಟನ್ನಿನಿಂದ 55 ಟನ್ ಒಟ್ಟು ತೂಕದ ಲಾರಿಗಳಿಗೆ. ಏಸ್ ಗಾತ್ರದವು ಇದರಲ್ಲಿ ಬರುವುದಿಲ್ಲ. ಜೊತೆಗೆ ಹಳೇ ಲಾರಿ ಸ್ಕ್ರ್ಯಾಪ್ ಮಾಡಿದ ಸರ್ಟಿಫಿಕೇಟ್ ಕಡ್ಡಾಯ. ದುಡ್ಡು ನಿಮ್ಮ ಅಕೌಂಟಿಗೆ ಬರುವುದಿಲ್ಲ, ಕಂಪನಿ ಬೆಲೆಯಲ್ಲೇ ಕಳೆದು ಕೊಡಬೇಕು.

ನನಗೆ ಇದರಲ್ಲಿ ಹಿಡಿಸಿದ್ದು ಸಬ್ಸಿಡಿಗಿಂತ ವಾರಂಟಿ ಷರತ್ತು. ಬ್ಯಾಟರಿಗೆ 5 ವರ್ಷ ಅಥವಾ 5 ಲಕ್ಷ ಕಿ.ಮೀ., ಗಾಡಿಗೂ ಮೋಟರ್‌ಗೂ 5 ವರ್ಷ ಅಥವಾ 2.5 ಲಕ್ಷ ಕಿ.ಮೀ. ಕಂಪನಿ ಕೊಡಲೇಬೇಕು. ಸಣ್ಣ ಗಾಡಿ ತಗೊಳ್ಳುವವರೂ ಇದನ್ನೇ ಅಳತೆಗೋಲು ಮಾಡಿಕೊಂಡು ಡೀಲರ್ ಹತ್ತಿರ ಕೇಳಬಹುದು.

ಪರ್ಮಿಟ್, ಲೈಸೆನ್ಸ್?

ಬ್ಯಾಟರಿ ಸಾರಿಗೆ ಗಾಡಿಗಳಿಗೆ ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲೇ ಪರ್ಮಿಟ್ ಬೇಡ ಅಂದಿದೆ. ಎಫ್‌ಸಿ, ಇನ್ಶೂರೆನ್ಸ್ ಬೇಕೇ ಬೇಕು. ಪ್ಲೇಟು ಹಸಿರು, ಅಕ್ಷರ ಹಳದಿ. ಒಟ್ಟು ತೂಕ 7,500 ಕೆ.ಜಿ. ಒಳಗಿದ್ದರೆ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಬ್ಯಾಟರಿ ಎಷ್ಟು ವರ್ಷ ಬರುತ್ತದೆ? ಬೆಂಕಿ ಹತ್ತುತ್ತಾ?

ಈಗಿನ ಹೆಚ್ಚಿನ ಗೂಡ್ಸ್ ಗಾಡಿಗಳಲ್ಲಿ ಎಲ್‌ಎಫ್‌ಪಿ ಅನ್ನುವ ಬಗೆಯ ಬ್ಯಾಟರಿ. ತೂಕ ಸ್ವಲ್ಪ ಜಾಸ್ತಿ, ಆದರೆ ಬಿಸಿ ತಡೆಯುತ್ತದೆ, ಎರಡು ಮೂರು ಸಾವಿರ ಸಲ ತುಂಬಿ ಖಾಲಿ ಮಾಡಬಹುದು. ದಿನಕ್ಕೊಂದು ಸಲ ಅಂದರೆ ಆರೇಳು ವರ್ಷ ಧಾರಾಳ. ಒಂದು ದಿನ ಟಪ್ ಅಂತ ಸಾಯುವುದಿಲ್ಲ, ಮೆಲ್ಲಗೆ ಕುಗ್ಗುತ್ತದೆ. ಮೊದಲ ವರ್ಷ ಎರಡು ಟ್ರಿಪ್ ಮಾಡುತ್ತಿದ್ದ ಗಾಡಿ ಐದನೇ ವರ್ಷ ಒಂದೂವರೆಗೆ ಸುಸ್ತಾಗುತ್ತದೆ. ಗಾಡಿ ಬೆಲೆಯಲ್ಲಿ ಮೂರನೇ ಒಂದು ಭಾಗಕ್ಕೂ ಜಾಸ್ತಿ ಬ್ಯಾಟರಿಯದೇ. ಹಾಗಾಗಿ ಜೋಪಾನ ಮಾಡಿ. ಬಿಸಿಲಿನಲ್ಲಿ ಓಡಿ ಬಂದ ತಕ್ಷಣ ಚಾರ್ಜ್‌ಗೆ ಹಾಕಬೇಡಿ, ಅರ್ಧ ಗಂಟೆ ಆರಲಿ. ದಿನಾ ಸೊನ್ನೆಗೆ ಇಳಿಸಬೇಡಿ. ಎಲ್‌ಎಫ್‌ಪಿ ಆದರೆ ವಾರಕ್ಕೊಮ್ಮೆಯಾದರೂ ಪೂರ್ತಿ ನೂರಕ್ಕೆ ತುಂಬಿಸಿ, ಇಲ್ಲದಿದ್ದರೆ ಮೀಟರು ಸುಳ್ಳು ಹೇಳಲು ಶುರು ಮಾಡುತ್ತದೆ. 30 ಪರ್ಸೆಂಟ್ ಇದೆ ಅಂತ ನಂಬಿ ಹೊರಟು ಗಣಂಗೂರು ಟೋಲ್ ಹತ್ತಿರ ನಿಲ್ಲುವುದು ಹೀಗೇ.

ಬೆಂಕಿಯ ಭಯ ಸುಳ್ಳಲ್ಲ. 2022ರಲ್ಲಿ ಸ್ಕೂಟರ್‌ಗಳು ಸುಟ್ಟ ಮೇಲೆ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿ ಮಾಡಿತು. ಮೂರು ಚಕ್ರದ್ದಕ್ಕೆ ಎಐಎಸ್-156, ನಾಲ್ಕು ಚಕ್ರ ಮತ್ತು ಲಾರಿಗೆ ಎಐಎಸ್-038. ಅದು ಪಾಸಾದ ಬ್ಯಾಟರಿಯೇ ತಗೊಳ್ಳಿ. ಯಾರೋ ಕಡಿಮೆ ಬೆಲೆಗೆ ‘ಲೋಕಲ್ ಪ್ಯಾಕ್’ ಹಾಕಿಕೊಡುತ್ತೇನೆ ಅಂದರೆ ಕೈ ಮುಗಿದು ಬಂದುಬಿಡಿ.

ಮಳೆ ನೀರಿನಲ್ಲಿ ಓಡಿಸಬಹುದಾ?

ರಸ್ತೆಯಲ್ಲಿ ನಿಂತ ನೀರಿಗೆ ತೊಂದರೆ ಇಲ್ಲ. ಬ್ಯಾಟರಿ ಮುಳುಗುವಷ್ಟು ನೀರಿಗೆ ಇಳಿಯಬೇಡಿ. ಡೀಸೆಲ್ ಗಾಡಿಯನ್ನೂ ಇಳಿಸುವುದಿಲ್ಲ, ಅಲ್ವಾ?

ಬ್ಯಾಟರಿ ಬದಲಿಸುವ ಪದ್ಧತಿ ಒಳ್ಳೇದಾ?

ಮಾತಿನಲ್ಲಿ ಬಹಳ ಚೆನ್ನಾಗಿದೆ. ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದು ತಗೊಂಡು ಐದು ನಿಮಿಷಕ್ಕೆ ಹೊರಡಬಹುದು. ಬ್ಯಾಟರಿ ನಿಮ್ಮದಲ್ಲ, ಹಾಗಾಗಿ ಗಾಡಿ ಬೆಲೆಯೂ ಕಡಿಮೆ, ಬ್ಯಾಟರಿ ಮುದಿಯಾಗುವ ಚಿಂತೆಯೂ ಇಲ್ಲ. ಆದರೆ ಬದಲಿಸುವ ಕೇಂದ್ರ ನಿಮ್ಮ ದಾರಿಯಲ್ಲಿ ಇರಬೇಕು. ಅದೇ ಕಂಪನಿಯದ್ದಾಗಿರಬೇಕು. ಬೆಂಗಳೂರಿನ ಒಳಗೆ ನಡೆಯುತ್ತದೆ. ನಮ್ಮ ಕಡೆ ಕೇಂದ್ರ ನೋಡದೆ ಗಾಡಿ ತಗೊಂಡರೆ ನೊಗ ಇಲ್ಲದ ಎತ್ತು ಕೊಂಡ ಹಾಗೆ.

ಮದ್ದೂರಿನ ಎಳನೀರು, ಕಬ್ಬಿನ ಲೋಡು ಇವಕ್ಕೆ ಎಲೆಕ್ಟ್ರಿಕ್ ಆಗುತ್ತಾ?

ಈಗ ಆಗಲ್ಲ. ಮದ್ದೂರಿನ ಮಾರುಕಟ್ಟೆಯಿಂದ ಎಳನೀರು ಮುಂಬೈ, ದೆಹಲಿ ಅಂತ ಹೋಗುತ್ತದೆ. ಸಾವಿರಾರು ಕಿ.ಮೀ. ಓಟ, ಒಣಗುವ ಸರಕು, ಚಾರ್ಜ್‌ಗೆ ಅಂತ ಗಂಟೆಗಟ್ಟಲೆ ನಿಲ್ಲಲು ಸಮಯ ಇಲ್ಲ. 55 ಟನ್ನಿನ ಲಾರಿ ಕಿ.ಮೀ.ಗೆ ಒಂದೂವರೆ ಯೂನಿಟ್ ಹತ್ತಿರ ತಿನ್ನುತ್ತದೆ. ಮೈಸೂರಿನಿಂದ ಬೆಂಗಳೂರಿಗೆ ಹೋಗಿ ಬರಲೇ 430 ಯೂನಿಟ್ ಬೇಕು. 280 ಯೂನಿಟ್ಟಿನ ಬ್ಯಾಟರಿಯೇ ಸುಮಾರು 2 ಟನ್ ತೂಗುತ್ತದೆ. ಅಷ್ಟು ಲೋಡು ಕೈ ಬಿಟ್ಟ ಹಾಗೆ. ಅದನ್ನು ಬೇಗ ತುಂಬಿಸುವ ಚಾರ್ಜರ್ ಹಾಕಬೇಕು ಅಂದರೆ ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್, ಸ್ವಂತ ಟ್ರಾನ್ಸ್‌ಫಾರ್ಮರ್. ಒಬ್ಬ ಲಾರಿ ಮಾಲೀಕನ ಕೈಲಿ ಆಗುವ ಮಾತಲ್ಲ. ಅದಕ್ಕೇ ದೊಡ್ಡ ಎಲೆಕ್ಟ್ರಿಕ್ ಲಾರಿಗಳು ಸಿಮೆಂಟ್, ಸ್ಟೀಲ್ ಕಾರ್ಖಾನೆ, ಬಂದರುಗಳಲ್ಲಿ ಮೊದಲು ಓಡುತ್ತಿವೆ. ಅಲ್ಲಿ ದಾರಿ ಒಂದೇ, ದೂರ ಗೊತ್ತು, ಚಾರ್ಜರ್ ಕಂಪನಿಯವರೇ ಹಾಕಿಕೊಳ್ಳುತ್ತಾರೆ. ಸರ್ಕಾರಿ ಉಕ್ಕು ಕಂಪನಿ ಸೇಲ್ 150 ಎಲೆಕ್ಟ್ರಿಕ್ ಲಾರಿ ತಗೊಳ್ಳುತ್ತೇವೆ ಅಂದಿರುವುದೂ ಹೀಗೇ.

ಕಬ್ಬಿನ ಕಥೆ ಬೇರೆ. ದೂರ ಕಡಿಮೆ. ಆದರೆ ಅದು ಗದ್ದೆ ದಾರಿಯ ಕೆಲಸ, ಅರ್ಧ ವರ್ಷದ ಸೀಸನ್, ಕಾರ್ಖಾನೆ ಮುಂದೆ ದಿನಗಟ್ಟಲೆ ಕ್ಯೂ. ನಿಂತ ಗಾಡಿ ಕಂತು ತಿನ್ನುತ್ತದೆ ಅಂದೆನಲ್ಲ.

ನಮ್ಮಲ್ಲಿ ಹೊಂದುವುದು ಎಲ್ಲಿ ಅಂದರೆ, ಮೈಸೂರಿನಿಂದ ನಂಜನಗೂಡು, ಕಡಕೊಳ, ಹೂಟಗಳ್ಳಿ ಕಾರ್ಖಾನೆಗಳಿಗೆ ದಿನಾ ಹೋಗಿ ಬರುವ ಪ್ಯಾಕಿಂಗ್ ಸಾಮಾನು, ಬಿಡಿಭಾಗ. ಹಾಲು, ಬ್ರೆಡ್ಡು, ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನು, ಪಾರ್ಸೆಲ್. ಬೆಳಿಗ್ಗೆ ಹೊರಟು ಸಂಜೆ ಮನೆಗೆ ಬರುವ ಗಾಡಿ ಯಾವುದೋ, ಅದು ಎಲೆಕ್ಟ್ರಿಕ್ ಆಗಬಹುದು.

ನಮ್ಮ ಊರಿನ ಕಾರ್ಖಾನೆಗಳಿಗೆ, ಗ್ಯಾರೇಜ್‌ಗಳಿಗೆ ಇದರಿಂದ ಏನಾಗುತ್ತದೆ?

ಮೈಸೂರಿನಲ್ಲಿ ಲಾರಿಗೆ ಆಕ್ಸಲ್ ಮಾಡುವ ಆಟೊಮೋಟಿವ್ ಆಕ್ಸಲ್ಸ್ ಇದೆ, ಟಯರ್ ಮಾಡುವ ಜೆಕೆ ಇದೆ. ಎಂಜಿನ್ ಹೋದರೂ ಆಕ್ಸಲ್, ಟಯರ್ ಬೇಕಲ್ಲ. ಬ್ಯಾಟರಿ ತೂಕಕ್ಕೆ ಟಯರ್ ಇನ್ನೂ ಗಟ್ಟಿ ಬೇಕು. ಕಷ್ಟ ಇರುವುದು ಎಂಜಿನ್ ಬಿಚ್ಚಿ ಜೋಡಿಸುವ ಮೇಸ್ತ್ರಿಗಳಿಗೆ. ಆಯಿಲ್ ಬದಲಿಸುವುದಿಲ್ಲ, ಕ್ಲಚ್ ಪ್ಲೇಟ್ ಇಲ್ಲ, ಇಂಜೆಕ್ಟರ್ ಇಲ್ಲ. ಬ್ರೇಕ್, ಸಸ್ಪೆನ್ಷನ್, ಬಾಡಿ ಕೆಲಸ ಉಳಿಯುತ್ತದೆ. ನಮ್ಮ ಮೇಸ್ತ್ರಿಯ ಮಗ ಈಗ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದುತ್ತಿದ್ದಾನೆ. ಅಪ್ಪ ಬೈಯುತ್ತಲೇ ಸೇರಿಸಿದ್ದು.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಹೊಸ ಕಂಪನಿಯದ್ದಾದರೆ ಸದ್ಯಕ್ಕೆ ಬೇಡ. ಬ್ಯಾಟರಿ ಎಷ್ಟು ಕುಗ್ಗಿದೆ ಅಂತ ನೋಡುವ ದಾರಿ ಹೊರಗಿನವರಿಗೆ ಇಲ್ಲ, ವಾರಂಟಿ ಎರಡನೇ ಮಾಲೀಕನಿಗೆ ಬರುತ್ತಾ ಅನ್ನುವುದು ಕಂಪನಿಗೊಂದು ತರ. ನಾನು ನನ್ನ ಮೂರು ಚಕ್ರದ್ದನ್ನು ಮಾರಲು ಹೊರಟಾಗ ಬಂದ ಬೆಲೆ ಕೇಳಿ ವಾಪಸ್ ಶೆಡ್ಡಿಗೆ ಹಾಕಿದೆ.

ನೀವು ಇನ್ನೊಂದು ಎಲೆಕ್ಟ್ರಿಕ್ ಗಾಡಿ ತಗೊಳ್ತೀರಾ?

ತಗೊಳ್ಳುತ್ತೇನೆ. ನಂಜನಗೂಡಿನ ದಾರಿಗೆ, ದಿನಕ್ಕೆ ಎರಡು ಟ್ರಿಪ್, ಒಟ್ಟು 95 ಕಿ.ಮೀ. ಮಧ್ಯಾಹ್ನ ಲೋಡ್ ಇಳಿಸುವಾಗ ಒಂದು ಗಂಟೆ ಸಾಕೆಟ್‌ಗೆ ಹಾಕಲು ಆ ಗೋಡೌನಿನವರು ಒಪ್ಪಿದ್ದಾರೆ, ಮೀಟರ್ ನೋಡಿ ದುಡ್ಡು ಕೊಡುತ್ತೇನೆ. ಕೇರಳದ ದಾರಿಯ ಡೀಸೆಲ್ ಗಾಡಿ ಹಾಗೇ ಇರುತ್ತದೆ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಹಾಕುತ್ತಾರೆ. ಚಾರ್ಜ್‌ಗೆ ಅಂತ ಗುಂಡ್ಲುಪೇಟೆಯಲ್ಲಿ ಒಂದು ಗಂಟೆ ತಡವಾದರೆ ಇಡೀ ರಾತ್ರಿ ಅಲ್ಲೇ. ಯಾವ ಕಂಪನಿಯದ್ದು ತಗೊಳ್ಳುವುದು ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಎರಡು ಸರ್ವಿಸ್ ಶೆಡ್ ನೋಡಿ ಬಂದಿದ್ದೇನೆ. ಮೂರನೆಯದಕ್ಕೆ ಈ ಸೋಮವಾರ ಹೋಗಬೇಕು, ಹೇಳದೇ ಕೇಳದೇ.